ಓಜೀತಳ ನೆಲ

ಮೊಗೆದು ಚೆಲ್ಲಿದಷ್ಟೂ ಗುಂಡಿಯಲ್ಲಿ ನೀರು ಒಸರುತ್ತಲೇ ಇತ್ತು. ಪೆಲಜಿ ಲಂಗ ಎತ್ತಿ ಕಟ್ಟಿ, ಅಣ್ಣ ಆನ್ಸೆಲ್ಮ್ ಕೆಳಗಿನಿಂದ ಕೊಟ್ಟ ಬಕೆಟ್ಟನ್ನು ಸಿಟ್ಟಿನಿಂದ ಆಚೆ ಸುರಿದಳು. ಬೆಳಗಿನಿಂದ ಇದು ಮೂರನೆಯ ಗುಂಡಿ. ಪಕ್ಕದಲ್ಲಿ ಸೈಪ್ರೆಸ್ ಮರದ ಪೆಟ್ಟಿಗೆಯೊಳಗೆ ಅವ್ವ ಓಜೀತ್ ಮಲಗಿದ್ದಳು.

"ಇನ್ನೂ ಎತ್ತರದಲ್ಲಿ ಅಗೀಬೇಕಿತ್ತು ಅಣ್ಣ."

"ಇದಕ್ಕಿಂತ ಎತ್ತರ ಬೇಕಂದ್ರೆ ಮರ ಹತ್ತಬೇಕು," ಆನ್ಸೆಲ್ಮ್ ಗೊಣಗಿದ.

ಅವ್ವನ ಜೊತೆ ಒಂದೇ ಹಡಗಿನಲ್ಲಿ ಬಂದಿದ್ದ ಮುದುಕ ಬಾಸಿಲ್ ಹೊಳೆಯ ಕಡೆ ಉಗಿದ. "ಸ್ಪೇನಿನ ದೊರೆ ಭೂಮಿ ಕೊಡ್ತೀನಿ ಅಂದ. ಕೊಟ್ಟ ನೋಡವ್ವ. ಅರ್ಧ ಕೆಸರು, ಅರ್ಧ ಮೊಸಳೆ."

"ಸುಮ್ನಿರು ತಾತ," ಎಂದಳು ಪೆಲಜಿ.

"ಬಿಸಿಲು ಏರ್ತಿದೆ ಮಗಳೇ," ಎಂದರು ಗುಂಡಿಯ ತಲೆಗೆ ನಿಂತಿದ್ದ ಪಾದ್ರಿ. "ಎಲ್ಲಿ ಹೂತರೂ ಪ್ರಭು ಎಬ್ಬಿಸ್ತಾನೆ."

"ಎಬ್ಬಿಸೋದು ಆಮೇಲಿನ ಮಾತು ಫಾದರ್. ಮೊದಲು ಅವಳು ಮಲಗಬೇಕಲ್ಲ!"

* * *

ಓಜೀತ್ ಹುಟ್ಟಿದ್ದು ದೂರದ ಉತ್ತರದ ಫ್ರೆಂಚ್ ನೆಲೆ ಅಕಾಡಿಯಲ್ಲಿ. ಅವಳಪ್ಪ ಉಬ್ಬರಕ್ಕೆ ಒಡ್ಡು ಕಟ್ಟಿ, ಸಮುದ್ರದ ಕೈಯಿಂದ ಗೋಧಿ ಹೊಲ ಕಿತ್ತುಕೊಂಡವನು. ಇಂಗ್ಲಿಷ್ ಸಿಪಾಯಿಗಳು ಮನೆ ಸುಟ್ಟು ಊರನ್ನೇ ಹಡಗು ಹತ್ತಿಸಿದಾಗ ಅವಳಿನ್ನೂ ಹುಡುಗಿ. ಆಮೇಲೆ ಫ್ರಾನ್ಸಿನ ಬಂದರುಗಳಲ್ಲಿ ಕಂಡವರ ಬಟ್ಟೆ ಒಗೆಯುತ್ತಲೇ ಅವಳ ಯೌವನ ಕಳೆಯಿತು. ಸ್ಪೇನಿನ ವಶದಲ್ಲಿದ್ದ ಲೂಸಿಯಾನದಲ್ಲಿ ಭೂಮಿ ಕೊಡುತ್ತಾರಂತೆ ಎಂಬ ಸುದ್ದಿ ಕೇಳಿ, ವಿಧವೆಯಾಗಿದ್ದ ಅವಳು ಮೂವರು ಮಕ್ಕಳೊಂದಿಗೆ ಮತ್ತೆ ಹಡಗು ಹತ್ತಿದಳು.

ಕಿರಿಯವನು, ಫರ್ಮಾ, ದಾರಿಯಲ್ಲೇ ಜ್ವರಕ್ಕೆ ಬಲಿಯಾದ.

"ದಡ ಹತ್ರ ಬಂತು ಅಂತೀರಲ್ಲ ಸ್ವಾಮಿ, ಒಂದೇ ಒಂದು ದಿನ ತಡೀರಿ. ಮಣ್ಣಲ್ಲಿ ಹೂಳ್ತೀನಿ," ಎಂದು ಅವ್ವ ಕಪ್ತಾನನ ಕಾಲು ಹಿಡಿದದ್ದನ್ನು ಪೆಲಜಿ ನೋಡಿದ್ದಳು. ಕಪ್ತಾನ ಒಪ್ಪಲಿಲ್ಲ. ಹಾಯಿಬಟ್ಟೆಯ ಪುಟ್ಟ ಗಂಟು ಅಲೆಗಳಲ್ಲಿ ಕಾಣದಾದ ಮೇಲೆ ಅವ್ವ ಮಗಳ ರಟ್ಟೆ ಹಿಡಿದು ಹೇಳಿದ್ದು ಒಂದೇ ಮಾತು: "ನನ್ನ ಮಾತ್ರ ನೀರಿಗೆ ಹಾಕಬೇಡ ಕಣೇ."

* * *

ಹಗ್ಗ ಸಡಿಲಿಸಿದರು. ಪೆಟ್ಟಿಗೆ ಇಳಿಯಿತು, ಒಂದು ಮಗ್ಗುಲಿಗೆ ವಾಲಿತು, ತೇಲಿತು. ಗಂಡಸರು ಗಳುಗಳಿಂದ ಅದುಮಿದರು. ಕೈ ಬಿಟ್ಟೊಡನೆ ಮತ್ತೆ ಮೇಲೆ ಬಂತು.

ಆನ್ಸೆಲ್ಮ್ ಕೊಡಲಿ ಎತ್ತಿಕೊಂಡ. "ತೂತು ಹೊಡೀತೀನಿ. ಒಳಗೆ ನೀರು ತುಂಬಿದ್ರೆ ತಾನೇ ಮುಳುಗತ್ತೆ. ಇಲ್ಲಿ ಎಲ್ರೂ ಮಾಡೋದು ಹಾಗೇ."

"ಅವಳ ಮೇಲೆ ನೀರು ಬಿಡ್ತೀಯಾ? ಸಂದುಸಂದಿಗೂ ರಾಳ ಮೆತ್ತಿದೀನಿ ನಾನು!"

"ಮತ್ತೇನು ಮಾಡ್ಲಿ ಹೇಳೇ! ನಾನೂ ಅವಳ ಮಗನೇ!" ಅವನ ದನಿ ಒಡೆಯಿತು.

ಪೆಲಜಿ ಗುಂಡಿಗಿಳಿದು, ಪೆಟ್ಟಿಗೆಯ ಮೇಲೆ ಕುಳಿತಳು. ಅದು ಅವಳ ಭಾರಕ್ಕೆ ಮೆಲ್ಲನೆ ತಗ್ಗಿ ತಳ ಮುಟ್ಟಿತು. ಕೆಸರು ನೀರು ಅವಳ ಸೊಂಟಕ್ಕೆ ಬಂತು.

"ಹಾಕು ಮಣ್ಣು. ಪೆಟ್ಟಿಗೆ ತಳದಲ್ಲೇ ನಿಲ್ಲೋವರೆಗೂ ನಾನು ಏಳಲ್ಲ."

ಯಾರೂ ಅಲುಗಲಿಲ್ಲ. ಕೊನೆಗೆ ಬಾಸಿಲ್ ಸಲಿಕೆ ಹಿಡಿದ. ಆನ್ಸೆಲ್ಮ್ ಕೊಡಲಿ ಎಸೆದು ಎರಡೂ ಕೈಯಲ್ಲಿ ಮಣ್ಣು ಬಾಚತೊಡಗಿದ. ಮಣ್ಣು ಅವಳ ಕಾಲುಗಳನ್ನು ಮುಚ್ಚಿತು, ಮಡಿಲಿಗೇರಿತು.

"ಇನ್ನೂ ಹಾಕು," ಎಂದಳು ಪೆಲಜಿ.