ರುಕ್ಮವ್ವ ಮೈ ತುಂಬಿಕೊಂಡದ್ದು

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಮದುವೆಯಾಗಿ ಕನ್ನೊಳ್ಳಿಗೆ ಹೋದ ರುಕ್ಮವ್ವನನ್ನು ಅದೇ ವರ್ಷ ವಾಪಸು ಕಳಿಸಿದರು. ಜಗಳವೇನೂ ಆಗಿರಲಿಲ್ಲ. ತುಂಬಿದ ಕೊಡ ತಲೆಯ ಮೇಲಿಟ್ಟರೆ ಸೊಸೆಯ ಕುತ್ತಿಗೆ ನಡುಗುತ್ತದೆ ಎಂಬುದಷ್ಟೇ ಅತ್ತೆ ಶೇವಂತೆವ್ವನ ತಕರಾರು.

"ತವರಾಗ ನಾಕ ದಿನ ಉಂಡು ಮೈ ಹಿಡದು ಬರ್ಲಿ. ಆಮ್ಯಾಲೆ ಕರಕೊಂಡ ಬರೂಣು" ಎಂದು ಆಕೆ ಮಗ ಗುರಪ್ಪನಿಗೆ ಹೇಳಿದಳು. ಗುರಪ್ಪ ಹೆಂಡತಿಯನ್ನು ಅವಳ ತವರೂರು ಇಂಡಿಗೆ ತಂದು ಬಿಟ್ಟು ಅದೇ ಬಸ್ಸಿನಲ್ಲಿ ತಿರುಗಿ ಹೋದ. ಆಮೇಲೆ ಯಾರೂ ಬರಲಿಲ್ಲ.

ರುಕ್ಮವ್ವನಿಗೆ ತಂದೆ ತಾಯಿ ಇರಲಿಲ್ಲ. ಸಾಕಿದವಳು ಚಿಕ್ಕಮ್ಮ ಬಾಳಮ್ಮ. ಗಂಡ ಸತ್ತ ಮೇಲೆ ಊರ ಹೊರಗಿನ ನಿಂಬೆ ತೋಟವನ್ನು ಒಬ್ಬಳೇ ನೋಡಿಕೊಂಡಿದ್ದ ಆಕೆಗೆ, ಕುಳಿತು ಅಳುವವರನ್ನು ಕಂಡರೆ ಆಗುತ್ತಿರಲಿಲ್ಲ.

"ಅಳಬ್ಯಾಡ ಅನ್ನೂದಿಲ್ಲ. ಅಳ್ಕೋತನ ಸಸಿಗೆ ನೀರ ಹಾಕು" ಎಂದಳು.

ರುಕ್ಮವ್ವ ಹಾಗೇ ಮಾಡಿದಳು. ಬಾವಿಯಿಂದ ನೀರು ಹೊತ್ತಳು, ನಿಂಬೆಕಾಯಿಯ ಬುಟ್ಟಿ ಹೊತ್ತಳು, ಚೀಲ ಎತ್ತಿ ಟೆಂಪೊಗೆ ಹಾಕಿದಳು. ಮೊದಲು ಬಂದದ್ದು ಹಸಿವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಎಷ್ಟು ಬಡಿಸಿದರೂ ತಟ್ಟೆ ಖಾಲಿಯಾಗುತ್ತಿತ್ತು. ಆಮೇಲೆ ತೋಳು ಗಟ್ಟಿಯಾಯಿತು, ಹೆಗಲು ಅಗಲವಾಯಿತು. ಚೀಲ ಹಗುರಾದವು, ಊಟ ಮಾತ್ರ ಕಡಿಮೆಯಾಗಲಿಲ್ಲ. ಹೀಗಾಗಿ ಕೆನ್ನೆ, ಸೊಂಟ, ಕುತ್ತಿಗೆಗೂ ಮಾಂಸ ಬಂತು.

ಅಳತೆಗೆಂದು ಮದುವೆಯ ಕುಬಸ ಒಯ್ದಾಗ ದರ್ಜಿ ನಬಿಸಾಬ ಅದನ್ನೂ ಅವಳನ್ನೂ ನೋಡಿ, "ಮಗಳಿಗೇನ್ರಿ?" ಎಂದ. ಆಗ ಅವಳಿಗೆ ಇಪ್ಪತ್ತು ತುಂಬಿತ್ತು.

ನಿಂಬೆ ಮಾರಿಕೊಡುವ ಅಡತಿ ಅಂಗಡಿಯಲ್ಲಿ 'ಏ ಹುಡುಗಿ, ಬಾಜೂಕ ನಿಲ್ಲು' ಎನ್ನುತ್ತಿದ್ದ ಹಮಾಲರು ಈಗ 'ಅಕ್ಕಾರ, ಬರ್ರಿ' ಎನ್ನತೊಡಗಿದರು. ನಿಂಬೆಯ ದರದ ಬಗ್ಗೆ ಹಿರಿಯರು ಅವಳ ಅಭಿಪ್ರಾಯ ಕೇಳಿದರು. ಅವಳ ಬಳಿ ಅಭಿಪ್ರಾಯವಿರಲಿಲ್ಲ. "ನೋಡೂಣ್ರಿ" ಎಂದಳು. ಬಹಳ ತಿಳಿದವಳು ಎಂದು ಹೆಸರಾಯಿತು.

ಒಮ್ಮೆ ಅವಳಿಗೆ ವಿಪರೀತ ಜ್ವರ ಬಂತು. ಬಾಳಮ್ಮ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಬಾಳಮ್ಮನ ನಾಡಿ ಹಿಡಿದು, "ಎಷ್ಟು ದಿನದಿಂದ ಅಶಕ್ತಿ?" ಎಂದು ಕೇಳಿದರು. ಜ್ವರ ತನಗೆ ಎಂದು ಒಪ್ಪಿಸುವಷ್ಟರಲ್ಲಿ ರುಕ್ಮವ್ವ ಬೆವತು ಹೋದಳು. ಅಂದು ಮಾತ್ರ ಅವಳಿಗೆ ಹಳೆಯ ಮೈ ನೆನೆದು ಅಳು ಬಂತು. ಆಗ ಅವಳು ಬರೀ ಬಿಸಿಲಲ್ಲಿ ನಿಂತರೂ ಕಂಡವರು ಅಯ್ಯೋ ಅನ್ನುತ್ತಿದ್ದರು.

ಮೂರನೆಯ ವರ್ಷ ಗುರಪ್ಪ ಬಂದ. ರುಕ್ಮವ್ವ ಟೆಂಪೊಗೆ ಚೀಲ ಹೇರುತ್ತಿದ್ದಳು. ಅವನನ್ನು ದೂರದಿಂದಲೇ ಗುರುತಿಸಿದಳು. ಅವನು ಹತ್ತಿರ ಬಂದು ಟೊಪ್ಪಿಗೆ ತೆಗೆದ.

"ಅಕ್ಕಾರ, ಇಲ್ಲಿ ರುಕ್ಮವ್ವ ಅಂತ ಇದ್ಲಲ್ರಿ, ಆಕಿ ಎಲ್ಲಿ ಅದಾಳ್ರಿ?"

"ಏನ ಕೆಲಸ ಇತ್ತು?"

"ಆಕಿ ನನ್ನ ಹೇಣ್ತಿರಿ. ಭಾಳ ಅಶಕ್ತ ಅದಾಳ. ನಮ್ಮವ್ವ ಮುದ್ದೇಬಿಹಾಳದಾಗ ಇನ್ನೊಂದು ಕನ್ಯಾ ನೋಡ್ಯಾಳ್ರಿ. ಈಕೀಗೆ ಹ್ಯಾಂಗ ಹೇಳೂದಂತ ತಿಳೀವಲ್ದು. ನೀವು ದೊಡ್ಡೋರು, ನೀವ ಒಂದ ಮಾತ ಹೇಳ್ರಿ."

ಸಂಸಾರ ಮಾಡಿದಷ್ಟು ದಿನವೂ ಅವನು ಇಷ್ಟು ಮಾತು ಆಡಿರಲಿಲ್ಲ. ರುಕ್ಮವ್ವ ಅವನಿಗೆ ತಂಬಿಗೆ ತುಂಬ ನೀರು ಕೊಟ್ಟಳು. ಕುಡಿದು ಮುಗಿಸಲಿ ಎಂದು ಕಾದಳು.

"ನಾನ ರುಕ್ಮವ್ವ" ಎಂದಳು.

ಗುರಪ್ಪ ಟೊಪ್ಪಿಗೆ ಹಾಕಿಕೊಂಡ, ಮತ್ತೆ ತೆಗೆದ. ಬಸ್ ನಿಲ್ದಾಣದ ಕಡೆ ನಡೆದ.

ವಾರದೊಳಗೆ ಶೇವಂತೆವ್ವ ಮಗನೊಂದಿಗೆ ಬಂದಳು. ಸೊಸೆಯ ಸುತ್ತ ಒಂದು ಸುತ್ತು ಬಂದು, ತೋಳು ಒತ್ತಿ ನೋಡಿದಳು. "ಈಗ ಆತ ನೋಡು. ನಡಿ, ಅರಬಿ ಗಂಟು ಕಟ್ಟು" ಎಂದಳು. ಮುದ್ದೇಬಿಹಾಳದ ಕನ್ಯೆಯ ಮಾತೇ ತೆಗೆಯಲಿಲ್ಲ.

"ನಾ ಬರೂದಿಲ್ರಿ, ಅತ್ತಿ" ಎಂದಳು ರುಕ್ಮವ್ವ. "ನಾಳೆ ಜಡ್ಡಾಗಿ ಮತ್ತ ಸೊರಗಿದ್ರ ಮತ್ತ ಬಸ್ ಹತ್ತಸ್ತೀರಿ."

ಶೇವಂತೆವ್ವ ಬೈದಳು, ಉಂಡಳು, ಹೋದಳು. ಗುರಪ್ಪನೂ ಹೋದ. ಆ ಸಂಜೆ ರುಕ್ಮವ್ವ ತಟ್ಟೆಯಲ್ಲಿ ಒಂದು ರೊಟ್ಟಿ ಬಿಟ್ಟಳು. ಬಾಳಮ್ಮ ನೋಡಿಯೂ ನೋಡದಂತೆ ಅದನ್ನು ಎಮ್ಮೆಗೆ ಹಾಕಿದಳು.

ದೀಪಾವಳಿ ಕಳೆದ ಮೇಲೆ ಗುರಪ್ಪ ಕೈಚೀಲ ಹಿಡಿದು ಒಬ್ಬನೇ ಬಂದ. "ಅವ್ವಗ ಹೇಳಿ ಬಂದೇನಿ. ಇಲ್ಲೇ ಇರ್ತೇನಿ, ನೀವು ಹೂಂ ಅಂದ್ರ" ಎಂದ. ಹೆಂಡತಿಗೆ 'ನೀ' ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಬಾಳಮ್ಮ ಅವನನ್ನೂ ಸಸಿಗೆ ನೀರು ಹಾಕಲು ಹಚ್ಚಿದಳು.

ಮುಂದಿನ ಸಂತೆಗೆ ಇಬ್ಬರೂ ಕೂಡಿ ಹೋದರು. ಅಡತಿಯ ಬಸಂತರಾಯ, ಬುಟ್ಟಿ ಹೊತ್ತು ಹಿಂದೆ ನಿಂತವನನ್ನು ನೋಡಿ ಕೇಳಿದ:

"ಅಕ್ಕಾರ, ಈ ಆಳು ಹೊಸಬನ ಏನ್ರಿ? ಸಣಕಲ ಅದಾನಲ್ಲ."

ಗುರಪ್ಪ ತಲೆ ತಗ್ಗಿಸಿದ. ರುಕ್ಮವ್ವ ಅವನ ಬುಟ್ಟಿ ಇಳಿಸಿಕೊಂಡಳು.

"ನಮ್ಮ ಮನಿಯವರ್ರಿ" ಎಂದಳು.

ಬಸಂತರಾಯ ಎದ್ದು ಗುರಪ್ಪನಿಗೂ ಒಂದು ಕುರ್ಚಿ ಸರಿಸಿ, ಇನ್ನೊಂದು ಚಹಾ ಹೇಳಿದ.