ಎಡಗೈ ಹೆಬ್ಬೆಟ್ಟು

“ಒತ್ತೇ ಮುದುಕಿ! ಉಣ್ಣೋವಾಗ್ಲೂ ನಿನ್ ಕೈ ಹಿಂಗೇ ನಾಜೂಕಾ?”

ಮತಗಟ್ಟೆಯ ಅಧಿಕಾರಿ ಬೆರಳ ಗುರುತಿನ ಯಂತ್ರವನ್ನು ಹಂಡೆಯಕ್ಕನ ಮುಂದಕ್ಕೆ ತಳ್ಳಿದ. ಅಕ್ಕ ಬಲಗೈ ಹೆಬ್ಬೆಟ್ಟು ಒತ್ತಿದಳು. ಕೆಂಪು ದೀಪ ಹತ್ತಿತು.

“ಬಲಗೈ ಅಲ್ಲ ಕಣೇ. ವೋಟಿನ ಚೀಟಿ ಮಾಡಿಸುವಾಗ ಕೊಟ್ಟಿರೋದು ಎಡಗೈ. ಅದನ್ನ ಇಡು.”

ಅಕ್ಕ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸೋಡಾನೀರಿನ ಹಂಡೆಗೆ ಕೈಯದ್ದಿ ಅವಳ ಬೆರಳ ಗೆರೆಗಳೆಲ್ಲ ಸವೆದುಹೋಗಿದ್ದವು. ಹೊಸ ಕಾನೂನು ಬಂದಿದೆ, ವೋಟು ಹಾಕಲು ಚೀಟಿಯೊಂದೇ ಸಾಲದು, ಬೆರಳೂ ತಾಳೆಯಾಗಬೇಕು ಎಂದು ಕೇಳಿದ ದಿನವೇ ಬಲಹೆಬ್ಬೆಟ್ಟಿಗೆ ಎಣ್ಣೆಬಟ್ಟೆ ಸುತ್ತಿದಳು. ನಲವತ್ತು ದಿನ ಅದನ್ನು ಕೂಸಿನ ಹಾಗೆ ಕಾಪಾಡಿ, ಆಸ್ಪತ್ರೆಯ ಚಾದರಗಳ ರಾಶಿಯನ್ನೆಲ್ಲ ಎಡಗೈಯಲ್ಲೇ ಉಜ್ಜಿದಳು. ಗೆರೆಗಳು ಮರಳಿ ಮೂಡಿದಾಗ ಸೊಸೆಗೆ ತೋರಿಸಿ ಹಿಗ್ಗಿ ಹೀರೇಕಾಯಾಗಿದ್ದಳು. ಯಾವ ಕೈ ಎಂದು ವಿಚಾರಿಸಬೇಕೆಂಬುದು ಅತ್ತೆಗೂ ಹೊಳೆಯಲಿಲ್ಲ, ಸೊಸೆಗೂ ಹೊಳೆಯಲಿಲ್ಲ.

ಇಷ್ಟೆಲ್ಲ ಪಾಡು ಒಂದೇ ಒಂದು ವೋಟಿಗೆ. ಈ ಸಲ ಚುನಾವಣೆಗೆ ನಿಂತವನು ಕಾರ್ಖಾನೆಯ ಧಣಿಯೇ. ಕೈಗವಸು ಕೊಡಿ ಎಂದು ಕೇಳಿದ್ದಕ್ಕೆ “ಯಾಕೇ, ಮದುವಣಗಿತ್ತಿಯೇನೇ ನೀನು?” ಎಂದು ಎಲ್ಲರೆದುರು ನಕ್ಕವನು. ಅವನ ವಿರುದ್ಧ ಒಂದು ವೋಟು ಒತ್ತಿಯೇ ಸಾಯಬೇಕೆಂದು ಅಕ್ಕ ಹಟ ಹಿಡಿದಿದ್ದಳು.

ಎಡಗೈ ಇಟ್ಟಳು. ಕೆಂಪು. ಬಟ್ಟೆಗೆ ಒರೆಸಿ ಮತ್ತೆ ಇಟ್ಟಳು. ಮತ್ತೂ ಕೆಂಪು.

ಹಿಂದೆ ನಿಂತಿದ್ದ ಸೊಸೆ ಅಂಗಲಾಚಿದಳು. “ಸ್ವಾಮಿ, ಚೀಟೀಲಿ ಫೋಟೋ ಐತಲ್ಲ. ನಮ್ಮತ್ತೆ ಮುಖ ನೋಡಿ.”

“ಮುಖ ಯಾವನಿಗೆ ಬೇಕೇ? ಬೆರಳಿಲ್ಲ ಅಂದ್ರೆ ಇವಳೂ ಇಲ್ಲ. ನಡೀರಿ ಆಚೆಗೆ, ದರಿದ್ರದೋವು!”

ಅಷ್ಟರಲ್ಲಿ ಮತದಾನ ನೋಡಲು ಧಣಿಯೇ ಒಳಗೆ ಬಂದ. ಹಾಲುಬಿಳುಪಿನ ಅಂಗಿ. ನಿನ್ನೆ ಅದನ್ನು ಒಗೆದವಳು ಅಕ್ಕನೇ. ವಿಷಯ ತಿಳಿದು ತುಟಿಯಂಚಿನಲ್ಲಿ ನಕ್ಕ.

“ಕಾನೂನು ಅಂದ್ಮೇಲೆ ಕಾನೂನು ಕಣಕ್ಕ, ನಾನೇನ್ ಮಾಡ್ಲಿ? ಮಧ್ಯಾಹ್ನದ ಪಾಳಿಗೆ ಬಂದ್ಬಿಡು. ಚಾದರ ರಾಶಿ ಬಿದ್ದೈತೆ.”

ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವನ ಮುಖವನ್ನು ನೆಟ್ಟಗೆ ನೋಡದ ಅಕ್ಕ ಈಗ ನೋಡಿದಳು.

“ನನ್ ಬೆರಳು ತಿಂದೋನೇ ನೀನು ಕಣೋ, ಬೋಳಿಮಗನೆ! ತಿಂದು ತೇಗಿ, ಈಗ ಬೆರಳೆಲ್ಲಿ ಅಂತ ಕೇಳುಸ್ತೀಯಾ?”

“ಪೊಲೀಸ್!” ಎಂದು ಅಧಿಕಾರಿ ಕಿರುಚಿದ.

ಮೇಜಿನ ಮೇಲೆ ಬೆರಳಿಗೆ ಹಚ್ಚುವ ಮಸಿಯ ಸೀಸೆ ಬಾಯಿ ತೆರೆದಿತ್ತು. ಅಕ್ಕ ಬಲಹೆಬ್ಬೆಟ್ಟನ್ನು ಅದರಲ್ಲಿ ಅದ್ದಿ, ಧಣಿ ಹಿಂದೆ ಸರಿಯುವಷ್ಟರಲ್ಲಿ ಅವನ ಎದೆಯ ಮೇಲೆ ಒತ್ತಿಬಿಟ್ಟಳು.

ಪೊಲೀಸಿನವನು ಬಂದು ರಟ್ಟೆ ಹಿಡಿದೆಳೆದ. ಬಾಗಿಲ ತನಕ ಎಳೆಸಿಕೊಂಡು ಹೋಗುತ್ತಲೇ ಅಕ್ಕ ತಿರುಗಿ ನೋಡಿದಳು.

“ಪಾಳಿಗೆ ಬಂದ್ರೂ ಅಷ್ಟೇ ಕಣೋ. ಆ ಮಸಿ ಸೋಡಾಕ್ಕೂ ಹೋಗಲ್ಲ!”

ಬಿಳಿ ಅಂಗಿಯ ಮೇಲೆ, ನಲವತ್ತು ದಿನ ಕಾಪಾಡಿದ ಹೆಬ್ಬೆಟ್ಟಿನ ಗೆರೆಗಳು ಒಂದೊಂದಾಗಿ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಮೂಡಿದ್ದವು.