ಹೊರಗಿನಿಂದ ಅಳೆದ ಮನೆ

ನಿವೃತ್ತಿಯಾದ ಮೇಲೂ ರಮಾಬಾಯಿಗೆ ಕೆಲಸ ತಪ್ಪಿರಲಿಲ್ಲ. ಮೂವತ್ತೊಂದು ವರ್ಷ ಸರಕಾರದ ಕಟ್ಟಡ ಕಟ್ಟಿಸಿದ ಇಂಜಿನಿಯರು ಅವಳು. ಈಗ ಆಳಂದದ ಮನೆಯಲ್ಲೇ ಕೂತು, ಕಲಬುರಗಿಯ ಒಂದು ಖಾಸಗಿ ಏಜೆನ್ಸಿಯ ಮೌಲ್ಯಮಾಪನ ವರದಿಗಳನ್ನು ತಪಾಸಣೆ ಮಾಡುತ್ತಿದ್ದಳು. ರಸ್ತೆ ಅಗಲ ಮಾಡುವಾಗ ಕೆಡವುವ ಮನೆಗಳಿಗೆ ಬೆಲೆ ಕಟ್ಟುವವರು ಬೇರೆ. ಅವರು ಕಟ್ಟಿದ್ದು ಸರಿಯೋ ತಪ್ಪೋ ನೋಡುವುದು ಅವಳ ಪಾಲು. ಅದೂ ಹತ್ತು ಫೈಲಿಗೆ ಒಂದು. ಉಳಿದ ಒಂಬತ್ತನ್ನು ಯಾರೂ ತೆರೆದು ನೋಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿರುವುದು ರೂಢಿಯಾಗಿತ್ತು.

ಆ ಸೋಮವಾರ ಕೈಗೆ ಬಂದದ್ದು ಅಫಜಲಪುರ ತಾಲ್ಲೂಕಿನ ಒಂದು ಹಳ್ಳಿಯ ಗುರಮ್ಮ ಎಂಬುವಳ ಮನೆಯ ಫೈಲು. 'ಮಣ್ಣಿನ ಗೋಡೆ, ತಗಡಿನ ಮಾಡು' ಎಂದು ವರದಿ ಹೇಳುತ್ತಿತ್ತು. ರಸ್ತೆಯ ಮೇಲೆ ನಿಂತು ತೆಗೆದ ಫೋಟೋದಲ್ಲಿ ತಗಡಿನ ಒಂದು ಛಪ್ಪರ ಕಾಣುತ್ತಿತ್ತು. ಆದರೆ ಹಿಂದೆ ಲಗತ್ತಿಸಿದ್ದ ಪಂಚಾಯಿತಿಯ ಹಳೆಯ ಕಾಗದದಲ್ಲಿ 'ಕಲ್ಲಿನ ಮನೆ, ಮೂರು ಖೋಲಿ, ಬಾವಿ ಒಂದು' ಎಂದಿತ್ತು. ರಮಾಬಾಯಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ವರದಿಯ ಕೆಳಗಿನ ಸಹಿ ಮಹೇಶಕುಮಾರನದು. ಬೆಲೆ ಕಟ್ಟುವ ಕೆಲಸವನ್ನು ಅವನು ಕಲಿತದ್ದೇ ಅವಳ ಹತ್ತಿರ.

ಕೂಡಲೇ ಫೋನು ಹಚ್ಚಿದಳು.

"ಮಹೇಶ, ಗುರಮ್ಮನ ಮನಿ ಒಳಗ ಹೋಗಿದ್ದೇನು?"

"ಬಾಗಿಲ ಕೀಲಿ ಹಾಕಿತ್ರಿ ಮೇಡಂ. ಆ ದಿನ ನಲವತ್ತು ಮನಿ ಮುಗಸಬೇಕಾಗಿತ್ತು."

"ಕೀಲಿ ಹಾಕಿದ್ರ ಮತ್ತೊಂದಿನ ಹೋಗಬೇಕು. ಹೊರಗ ನಿಂತು ಗ್ವಾಡಿ ಮಣ್ಣಿಂದು ಅಂತ ಹ್ಯಾಂಗ ಬರದಿ?"

ಅವನು ಸಿಟ್ಟಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ: "ನೀವು ನನ್ನ ಒಂದ್ ಮನಿಗೂ ಕರ್ಕೊಂಡು ಹೋಗಿಲ್ರಿ ಮೇಡಂ. ಒಳಗ ಹೋಗಿ ಏನೇನು ನೋಡಬೇಕು ಅಂತ ನನಗ ಖರೇನೂ ಗೊತ್ತಿಲ್ಲ."

ಮಹೇಶ ಕಲಿಯಲು ಬಂದ ವರ್ಷ ರಮಾಬಾಯಿಯ ಗಂಡನಿಗೆ ಡಯಾಲಿಸಿಸ್ ನಡೆದಿತ್ತು. ವಾರಕ್ಕೆರಡು ಸಲ ಸೊಲ್ಲಾಪುರಕ್ಕೆ ಓಡಾಟ. ಮಹೇಶನನ್ನು ಮೂರು ಭಾನುವಾರ ಮನೆಯಲ್ಲೇ ಕೂರಿಸಿ ಪಾಠ ಹೇಳಿದ್ದಳು. ಕೊನೆಗೆ, ಆರು ತಿಂಗಳು ಸ್ಥಳದಲ್ಲೇ ತರಬೇತಿ ಪಡೆದಿದ್ದಾನೆ ಎಂಬ ಕಾಗದಕ್ಕೆ ಆಸ್ಪತ್ರೆಯ ಬೆಂಚಿನ ಮೇಲೆ ಸಹಿ ಹಾಕಿ ಕೊಟ್ಟಿದ್ದಳು. ಗಂಡ ಉಳಿಯಲಿಲ್ಲ. ಆ ಸಹಿ ಮಾತ್ರ ಉಳಿದಿತ್ತು.

"ನಾಳೆ ಮುಂಜಾನೆ ತಯಾರಿರು," ಎಂದಳು. "ಇಬ್ಬರೂ ಹೋಗೋಣು."

ಗುರಮ್ಮ ಗಾಣಗಾಪುರಕ್ಕೆ ಹೋಗುವ ಯಾತ್ರಿಕರಿಗೆ ಛಪ್ಪರದಲ್ಲಿ ಚಹಾ ಮಾಡಿ ಕೊಡುತ್ತಿದ್ದ ಐವತ್ತರ ಹೆಂಗಸು. ಬೆಲೆ ಕಟ್ಟಲು ಬಂದ ದಿನ ಮಗಳ ಬಾಣಂತನಕ್ಕೆ ಜೇವರ್ಗಿಗೆ ಹೋಗಿದ್ದಳಂತೆ. ಛಪ್ಪರದ ಹಿಂದಿನ ಬಾಗಿಲು ತೆಗೆದಾಗ ಮಹೇಶ ಹೊಸ್ತಿಲಲ್ಲೇ ನಿಂತುಬಿಟ್ಟ. ಒಂದೂವರೆ ಮೊಳ ದಪ್ಪದ ಕಲ್ಲಿನ ಗೋಡೆ, ಸಾಗವಾನಿ ತೊಲೆ, ಕಾಲಿಗೆ ತಣ್ಣಗೆ ಹತ್ತುವ ಶಹಾಬಾದಿ ಫರಸಿಕಲ್ಲಿನ ನೆಲ. ಹಿತ್ತಲಲ್ಲಿ ನೀರು ತುಂಬಿದ ಬಾವಿ.

"ನಮ್ಮ ಮಾವನ ಕಾಲದ್ದು ರೀ," ಎಂದಳು ಗುರಮ್ಮ. "ಇದನ್ನ ಮಣ್ಣಿಂದು ಅಂತ ಬರದಾರಂತ. ಓದಿ ಹೇಳಿದವ್ರಿಗೆ ನಾನೇ ಬೈದೆ, ನೀವು ತಪ್ಪು ಓದಾಕತ್ತೀರಿ ಅಂತ."

ಮಹೇಶ ತಲೆ ಎತ್ತಲಿಲ್ಲ. ರಮಾಬಾಯಿ ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಗೋಡೆಯ ದಪ್ಪವನ್ನು ಬಾಗಿಲ ಚೌಕಟ್ಟಿನಲ್ಲಿ ಅಳೆಯುವುದು, ಗೋಡೆಗೆ ಬಳಿದ ಗಿಲಾವು ತಟ್ಟಿ ಒಳಗೇನಿದೆ ಎಂದು ಸದ್ದಿನಿಂದ ತಿಳಿಯುವುದು, ತೊಲೆಗೆ ಗೆದ್ದಲು ಹತ್ತಿದೆಯೇ ಎಂದು ಚಾಕುವಿನ ತುದಿಯಿಂದ ನೋಡುವುದು, ಒಂದೊಂದನ್ನೂ ಮಾಡಿ ತೋರಿಸಿದಳು. ಅವನು ಬೇಗ ಕಲಿಯುತ್ತಿದ್ದ. ಮೂರನೆಯ ಖೋಲಿಯ ಗೋಡೆಯಲ್ಲಿ ಒಳಗಿಂದೊಳಗೆ ಬಿರುಕು ಬಿಟ್ಟಿದ್ದನ್ನು ಅವಳಿಗಿಂತ ಮೊದಲು ಅವನೇ ಕಂಡ. ಮೊದಲೇ ಕಲಿಸಬಹುದಾಗಿತ್ತು ಎಂಬುದು ಅವಳಿಗೆ ಇನ್ನಷ್ಟು ನೋವು ಕೊಟ್ಟಿತು.

"ಅಂದ್ರ ಈಗ ಬರಾಬರಿ ಆಗ್ತದಲ್ರಿ?" ಗುರಮ್ಮ ಚಹಾ ಕೊಡುತ್ತ ಕೇಳಿದಳು.

"ಪ್ರಯತ್ನ ಮಾಡ್ತೇನಿ ತಂಗಿ," ಎಂದಳು ರಮಾಬಾಯಿ.

ಮರುದಿನ ಹನ್ನೊಂದು ಪುಟದ ಹೊಸ ವರದಿ ಹಿಡಿದು ಕಲಬುರಗಿಗೆ ಹೋದಳು. ಏಜೆನ್ಸಿಯ ಮಾಲೀಕ ದೌಲತರಾಯ ಪುಟ ತಿರುವಿ ನೋಡಿ, "ಭಾಳ ಛಂದ ಮಾಡೀರಿ," ಎಂದ. ನಂತರ ಅದನ್ನು ಮುಚ್ಚಿ ಪಕ್ಕಕ್ಕಿಟ್ಟ.

"ಮನಿಗಳ ಬೆಲಿ ಯಾದಿ ಹೋದ ವಾರನ ಮಂಜೂರಾಗಿ ಹೋಗ್ಯಾದ್ರಿ ಬಾಯಿ. ನಿಮ್ಮ ತಪಾಸಣಿ ನಮ್ಮ ಫೈಲಿಗೆ ಬೇಕಾಗಿದ್ದು, ಬೆಲಿ ಬದಲ ಮಾಡಾಕಲ್ಲ. ಒಂದು ಮನಿ ತಪ್ಪು ಅಂದ್ರ ನೂರಾ ಹನ್ನೆರಡು ಮನಿ ಫೈಲು ಮತ್ತ ತೆಗೀಬೇಕಾಗ್ತದ."

"ತೆಗೀರಿ ಮತ್ತ. ಒಂದು ದಿನಕ್ಕ ನಲವತ್ತು ಮನಿ ಅಳದಾನ ಅವ. ಎಷ್ಟು ಒಳಗ ಹೋಗಿ ನೋಡಿರಬೇಕು?"

"ಅವಂಗ ಕಲಿಸಿದವ್ರು ಯಾರ್ರಿ?" ಎಂದ ದೌಲತರಾಯ, ಮೆಲ್ಲಗೆ, ನಗುತ್ತಲೇ.

ಭೂಸ್ವಾಧೀನದ ಕಚೇರಿಯಲ್ಲಿ ಗುಮಾಸ್ತ ವರದಿಯ ಪ್ರತಿಗೆ ಠಸ್ಸೆ ಒತ್ತಿ ಒಳಗೆ ತೆಗೆದುಕೊಂಡ. ಮನೆಯವಳು ತಕರಾರು ಅರ್ಜಿ ಹಾಕಬಹುದು, ವಿಚಾರಣೆ ಆಗುತ್ತದೆ ಎಂದ. ಯಾವಾಗ ಎಂದು ಕೇಳಿದ್ದಕ್ಕೆ ಹಿಂದಿನ ಕಪಾಟಿನತ್ತ ಕೈ ತೋರಿಸಿದ. ನಾಲ್ಕು ವರ್ಷದ ಅರ್ಜಿಗಳು ಅಲ್ಲಿ ಕಟ್ಟುಕಟ್ಟಾಗಿ ಬಿದ್ದಿದ್ದವು. ಮನೆ ಖಾಲಿ ಮಾಡಲು ಇದ್ದದ್ದು ಹದಿನೈದು ದಿನ.

ರಮಾಬಾಯಿ ತಾನೇ ಅರ್ಜಿ ಬರೆದು, ಗುರಮ್ಮನ ಹೆಬ್ಬೆಟ್ಟು ಹಾಕಿಸಿ ಕೊಟ್ಟಳು. ಉತ್ತರ ಬರಲಿಲ್ಲ. ದೌಲತರಾಯನ ಹತ್ತಿರ ಉಳಿದ ನೂರಾ ಹನ್ನೊಂದು ಮನೆಗಳ ಫೈಲು ಕೇಳಿದಳು, ಕೊಡಲಿಲ್ಲ. ಏಜೆನ್ಸಿಯ ಮುಂದಿನ ಕೆಲಸಕ್ಕೆ ಜೇವರ್ಗಿಗೆ ಹೋದ ಮಹೇಶ ದಿನಕ್ಕೆ ಐದೇ ಮನೆ ಅಳೆಯತೊಡಗಿದ್ದ. ಮೂರನೆಯ ದಿನ ಅವನನ್ನು ಬಿಡಿಸಿ, ಜಲ್ದಿ ಮುಗಿಸುವ ಬೇರೊಬ್ಬನನ್ನು ಹಾಕಿದರು. "ಇರ್ಲಿ ಬಿಡ್ರಿ ಮೇಡಂ," ಎಂದು ಅವನೇ ಅವಳಿಗೆ ಸಮಾಧಾನ ಹೇಳಿದ.

ಹದಿನಾಲ್ಕನೆಯ ದಿನ ಅವಳು ಗುರಮ್ಮನ ಊರಿಗೆ ಹೋದಳು. ಮನೆಯ ಮುಂದೆ ಟೆಂಪೋ ನಿಂತಿತ್ತು. ರಮಾಬಾಯಿ ಎಲ್ಲವನ್ನೂ ಹೇಳಿದಳು, ಮಹೇಶನಿಗೆ ಕಲಿಸದೇ ಸಹಿ ಹಾಕಿದ್ದನ್ನೂ ಸೇರಿಸಿ. ಗುರಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಲೇ ಕೇಳಿಸಿಕೊಂಡಳು.

"ತಪ್ಪು ಅದ ಅಂತ ನನಗೂ ಕಂಡಿತ್ತು, ನಿಮಗೂ ಕಂಡ್ತು," ಎಂದಳು. "ಕಂಡು ಏನು ಮಾಡೋದ್ರಿ?"

ಅಂಗಳದಲ್ಲಿ ಬೀಸುವ ಕಲ್ಲು ಇನ್ನೂ ಉಳಿದಿತ್ತು. ಗುರಮ್ಮ ಒಬ್ಬಳೇ ಎತ್ತಲು ಹೋಗಿ ಕೈ ಬಿಟ್ಟಳು.

"ಆ ಕಡೆ ಹಿಡೀರಿ ಅಕ್ಕಾ," ಎಂದಳು.

ರಮಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿದಳು. ಇಬ್ಬರೂ ಕಲ್ಲನ್ನು ಎತ್ತಿ, ಎರಡು ಕಡೆ ಇಳಿಸಿ ದಮ್ಮು ತೆಗೆದುಕೊಂಡು, ಟೆಂಪೋದ ತನಕ ಸಾಗಿಸಿದರು.